ಪ್ರಾಥಮಿಕ ತರಗತಿಯಲ್ಲಿ ಇತಿಹಾಸ: ಮಿಶ್ರ ಕಲಿಕೆಯ ಘಟಕ ಕಟ್ಟುವ ಬಗೆ

ಒಂಬತ್ತು ವರ್ಷದ ಮಗುವಿಗೆ ‘ತುಂಬಾ ಹಿಂದೆ’ ಅನ್ನುವುದೆಲ್ಲ ಒಂದೇ ಕಾಲ. ಡೈನೋಸಾರ್, ಪಿರಮಿಡ್, ರಾಜರ ಯುದ್ಧ, ಅಜ್ಜಿಯ ಬಾಲ್ಯ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ನಡೆದಿರುತ್ತವೆ. ಅದು ಮಗುವಿನ ತಪ್ಪಲ್ಲ, ಕಾಲದ ಅಳತೆ ಇನ್ನೂ ಅದರ ಕೈಗೆ ಸಿಕ್ಕಿಲ್ಲ ಅಷ್ಟೆ. ಹಾಗಾಗಿ ಇತಿಹಾಸದ ಪೀರಿಯಡ್‌ಗೆ ಟ್ಯಾಬ್, ಪ್ರೊಜೆಕ್ಟರ್ ತರುವ ಮೊದಲು ಒಂದು ವಿಚಾರ ಇತ್ಯರ್ಥವಾಗಬೇಕು. ಪುರಾವೆಯನ್ನು ಹತ್ತಿರದಿಂದ ನೋಡಲು ಸ್ಕ್ರೀನ್ ಬೇಕು. ಕಾಲವನ್ನೂ ಗಾತ್ರವನ್ನೂ ಅರಿಯಲು ಕೈ ಬೇಕು. ‘ಹಾಗಾದರೆ ಇದರಿಂದ ಏನು ಗೊತ್ತಾಯಿತು?’ ಎಂದು ವಾದಿಸಲು ಶಿಕ್ಷಕರು ಬೇಕು. ಈ ಮೂರನ್ನೂ ಒಂದೇ ಪ್ರಶ್ನೆಯ ಸುತ್ತ ಹೆಣೆದರೆ ಅದು ಮಿಶ್ರ ಕಲಿಕೆ.

ಎಲ್ಲರಿಗೂ ಒಟ್ಟಿಗೆ ವಿಡಿಯೊ ಹಾಕಿ, ಮುಗಿದ ಮೇಲೆ ಪಾಠ ಓದಿಸಿದರೆ ಮಿಶ್ರ ಕಲಿಕೆ ಆಗುವುದಿಲ್ಲ. ಸ್ಕ್ರೀನಿನ ಮುಂದೆ ಕೂತ ಮಗುವಿಗೆ ನಿಲ್ಲಿಸುವ, ಹಿಂದಕ್ಕೆ ಹೋಗುವ, ಹಿಗ್ಗಿಸಿ ನೋಡುವ ಹಿಡಿತ ಇರಬೇಕು. ಅಲ್ಲಿ ಕಂಡದ್ದು ಕಾಗದಕ್ಕಿಳಿದು, ಅದೇ ದಿನವೋ ಮರುದಿನವೋ ತರಗತಿಯ ಮಾತಿಗೆ ಬರಬೇಕು. ಸಾಮಾನ್ಯವಾಗಿ ತಪ್ಪುವುದು ಈ ಎರಡನೆಯದು. ಟ್ಯಾಬ್‌ನಲ್ಲಿ ನೋಡಿದ್ದು ಟ್ಯಾಬ್‌ನಲ್ಲೇ ಉಳಿಯುತ್ತದೆ, ಶಿಕ್ಷಕರು ಅದೇ ವಿಷಯವನ್ನು ಮತ್ತೆ ಮೊದಲಿನಿಂದ ಹೇಳುತ್ತಾರೆ. ಎರಡು ವಾರದಲ್ಲಿ ಮಕ್ಕಳಿಗೆ ಟ್ಯಾಬ್ ಅಂದರೆ ಬಿಡುವಿನ ವೇಳೆ ಎಂದು ಗೊತ್ತಾಗಿಬಿಡುತ್ತದೆ.

ಇಲ್ಲಿ 3ರಿಂದ 5ನೇ ತರಗತಿಯವರೆಗಿನ 36 ಮಕ್ಕಳು, 45 ನಿಮಿಷದ 5 ಪೀರಿಯಡ್, 4 ಟ್ಯಾಬ್ ಇಟ್ಟುಕೊಂಡು ಒಂದು ಘಟಕ ಕಟ್ಟೋಣ. ಉದಾಹರಣೆಗೆ ಸಿಂಧೂ ನಾಗರಿಕತೆಯ ಪ್ರಾಚೀನ ನಗರ ಮೊಹೆಂಜೊದಾರೊ. ಬೇರೆ ಪಾಠಕ್ಕೂ ಚೌಕಟ್ಟು ಇದೇ.

ಮೊದಲು ಪ್ರಶ್ನೆ

‘ಮೊಹೆಂಜೊದಾರೊ ನಗರದ ಬಗ್ಗೆ ತಿಳಿಯುವುದು’ ಪಾಠದ ಹೆಸರು, ಪ್ರಶ್ನೆಯಲ್ಲ. ಪ್ರಶ್ನೆ ಹೀಗಿರಲಿ: ‘ಅವರ ಬರಹವನ್ನು ಇವತ್ತಿಗೂ ಯಾರಿಂದಲೂ ಓದಲಾಗಿಲ್ಲ. ಹಾಗಿದ್ದೂ ಅವರು ಹೇಗೆ ಬದುಕಿದ್ದರು ಎಂದು ನಾವು ಹೇಗೆ ಹೇಳುತ್ತೇವೆ?’ ಇದಕ್ಕೆ ಹೌದು, ಇಲ್ಲ ಎಂಬ ಉತ್ತರವಿಲ್ಲ. ಪುಸ್ತಕದ ಒಂದು ಸಾಲು ನಕಲು ಮಾಡಿದರೂ ಸಾಲದು. ವಸ್ತುಗಳನ್ನು ನೋಡಲೇಬೇಕು. ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಐದೂ ದಿನ ಗೋಡೆಯ ಮೇಲೆ ಇರಿಸಿ. ಸ್ಕ್ರೀನಿನ ಮೊದಲ ಪುಟದಲ್ಲೂ, ವರ್ಕ್‌ಶೀಟಿನ ತಲೆಯಲ್ಲೂ ಅದೇ ಪದಗಳಲ್ಲಿ ಇರಲಿ. ಮೂರು ಕಡೆ ಮೂರು ರೀತಿ ಬರೆದರೆ ಈ ವಯಸ್ಸಿನ ಮಕ್ಕಳು ಅವನ್ನು ಮೂರು ಬೇರೆ ಕೆಲಸ ಎಂದುಕೊಳ್ಳುತ್ತಾರೆ.

ಮೊದಲ ಪೀರಿಯಡ್: ಹಗ್ಗದ ಕಾಲರೇಖೆ

ಮೊದಲ ದಿನ ಟ್ಯಾಬ್ ತೆಗೆಯುವುದೇ ಬೇಡ. 5 ಮೀಟರ್ ಹತ್ತಿಯ ಹಗ್ಗ, ಬಟ್ಟೆಗೆ ಹಾಕುವ ಕ್ಲಿಪ್, ಅಂಗೈಯಗಲದ ಕಾರ್ಡುಗಳು, ಅಳತೆ ಟೇಪ್ ಸಾಕು. ಹಿಗ್ಗುವ ಹಗ್ಗ ಬೇಡ, ಎಳೆದಷ್ಟೂ ಅಳತೆ ತಪ್ಪುತ್ತದೆ. ಗುರುತಿಗೆ ಗಂಟು ಹಾಕಬೇಡಿ, ಪ್ರತಿ ಗಂಟೂ ಹಗ್ಗವನ್ನು ಗಿಡ್ಡ ಮಾಡುತ್ತದೆ. ಒಂದು ಮಿಲಿಮೀಟರ್‌ಗೆ ಒಂದು ವರ್ಷ. ಅಂದರೆ 1 ಸೆಂಟಿಮೀಟರ್ 10 ವರ್ಷ, 1 ಮೀಟರ್ ಸಾವಿರ ವರ್ಷ. ಬಲತುದಿ ‘ಇವತ್ತು’.

ಮೊದಲು ಮಗು ತನ್ನ ವಯಸ್ಸನ್ನು ಅಳೆಯಲಿ: 9 ಮಿಲಿಮೀಟರ್, ಕಿರುಬೆರಳ ಉಗುರಿನಷ್ಟು. ಅರವತ್ತೈದರ ಅಜ್ಜಿ ಆರೂವರೆ ಸೆಂಟಿಮೀಟರ್. ಮನುಷ್ಯ ಚಂದ್ರನ ಮೇಲೆ ಇಳಿದ 1969 ಅಜ್ಜಿಯ ಅಳತೆಯೊಳಗೇ ಬೀಳುತ್ತದೆ. ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆಯ ಮುದ್ರಣ ಶುರುಮಾಡಿದ ಕಾಲ ಅರ್ಧ ಮೀಟರ್ ದಾಟಿದ ಮೇಲೆ, ಸುಮಾರು 57 ಸೆಂಟಿಮೀಟರ್ ದೂರದಲ್ಲಿ. ಕ್ರಿ.ಶ. 79ರಲ್ಲಿ ಇಟಲಿಯ ಪಾಂಪೆ ನಗರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದದ್ದು 1 ಮೀಟರ್ 95ರ ಹತ್ತಿರ. ಕ್ರಿ.ಪೂ. 30ರಲ್ಲಿ ತೀರಿಕೊಂಡ ಕ್ಲಿಯೋಪಾತ್ರ 2 ಮೀಟರ್ ದಾಟಿದ ಕೂಡಲೇ ಸಿಗುತ್ತಾಳೆ. ಕ್ರಿ.ಪೂ. 2500ರ ಮೊಹೆಂಜೊದಾರೊ ನಾಲ್ಕೂವರೆ ಮೀಟರ್ ಆಚೆ, ಅದರ ಪಕ್ಕದಲ್ಲೇ ಗೀಜಾದ ದೊಡ್ಡ ಪಿರಮಿಡ್.

ಇಲ್ಲಿ ಸ್ವಲ್ಪ ನಿಲ್ಲಿ. ಕ್ಲಿಯೋಪಾತ್ರಳ ಕ್ಲಿಪ್‌ನಿಂದ ಪಿರಮಿಡ್‌ಗೆ ಎಷ್ಟು, ಮನುಷ್ಯ ಚಂದ್ರನ ಮೇಲೆ ಇಳಿದ ಗುರುತಿಗೆ ಎಷ್ಟು ಎಂದು ಮಕ್ಕಳೇ ಅಳೆಯಲಿ. ಪಿರಮಿಡ್ ಕಡೆಗೆ ಎರಡೂವರೆ ಮೀಟರ್, ಚಂದ್ರನ ಕಡೆಗೆ ಎರಡು ಮೀಟರ್. ಈಜಿಪ್ಟಿನ ರಾಣಿ ಈಜಿಪ್ಟಿನ ಪಿರಮಿಡ್‌ಗಿಂತ ನಮಗೇ ಹತ್ತಿರ ಎಂಬುದನ್ನು ತಮ್ಮ ಕೈಯಾರೆ ಅಳೆದ ಮಕ್ಕಳು ಮರೆಯುವುದಿಲ್ಲ. ಡೈನೋಸಾರ್ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವು ಅಳಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಇದೇ ಅಳತೆಯಲ್ಲಿ ಹಗ್ಗ 66 ಕಿಲೋಮೀಟರ್ ಉದ್ದ ಬೇಕು.

ಕ್ರಿ.ಪೂ. ವರ್ಷಗಳನ್ನು ಕಳೆಯುವ, ಕೂಡುವ ಲೆಕ್ಕ ಈ ಹಂತದಲ್ಲಿ ಬೇಡ. ‘ಎಷ್ಟು ದೂರ’ ಎಂಬುದು ಕಣ್ಣಿಗೆ ಕಂಡರೆ ಸಾಕು. ಹಗ್ಗ ಗೋಡೆಯಲ್ಲೇ ಇರಲಿ. ಸ್ಕ್ರೀನಿನ ಮೇಲೆ ಸಿಗುವ ಪ್ರತಿ ವಸ್ತುವಿನ ಕಾರ್ಡೂ ಕೊನೆಗೆ ಇಲ್ಲಿಗೇ ಬಂದು ನೇತಾಡಬೇಕು.

ಡಿಜಿಟಲ್ ಕಟ್ಟು ಸಿದ್ಧಪಡಿಸುವುದು

ಮಕ್ಕಳನ್ನು ಸರ್ಚ್ ಪೆಟ್ಟಿಗೆಯ ಮುಂದೆ ಕೂರಿಸಬೇಡಿ. ಹುಡುಕುವುದರಲ್ಲೇ 10 ನಿಮಿಷ ಹೋಗುತ್ತದೆ, ಸಿಕ್ಕಿದ್ದು ನಿಜವೋ ಸುಳ್ಳೋ ತೂಗಿ ನೋಡುವ ಶಕ್ತಿ ಈ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲ. ನೀವೇ ಆರಿಸಿದ 5 ಅಥವಾ 6 ಚಿತ್ರಗಳ ಒಂದು ಕಟ್ಟು ಸಾಕು. ಹೆಚ್ಚು ಕೊಟ್ಟರೆ ಮಕ್ಕಳು ಬೆರಳಿನಿಂದ ಸರಿಸುತ್ತಾ ಹೋಗುತ್ತಾರೆ, ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ. ಈ ಘಟಕಕ್ಕೆ ಎರಡು ಮುದ್ರೆಗಳು (ಒಂದು ಒಂಟಿಕೊಂಬಿನ ಪ್ರಾಣಿಯದ್ದು, ಇನ್ನೊಂದು ಡುಬ್ಬದ ಗೂಳಿಯದ್ದು), ಇಟ್ಟಿಗೆಯ ಚರಂಡಿ, ಕಲ್ಲಿನ ತೂಕದ ಬಟ್ಟುಗಳು, ಸ್ನಾನದ ದೊಡ್ಡ ಕೊಳ, ನರ್ತಕಿಯ ಕಂಚಿನ ವಿಗ್ರಹ ಇರಲಿ.

ಚಿತ್ರಗಳನ್ನು ವಸ್ತುಸಂಗ್ರಹಾಲಯಗಳ ಜಾಲತಾಣದಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು. ವಸ್ತು ಏನು, ಎಲ್ಲಿ ಸಿಕ್ಕಿತು, ಎಷ್ಟು ದೊಡ್ಡದು ಎಂಬ ವಿವರ ಅಲ್ಲಿ ಜೊತೆಗೇ ಇರುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ, ಸ್ಮಿತ್ಸೋನಿಯನ್ ಸಂಸ್ಥೆ 2020ರಿಂದ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿವೆ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದರೆ ಚಿತ್ರದ ಕೆಳಗಿನ ಪರವಾನಗಿ ಓದಿ, ಹೆಸರು ಹಾಕಬೇಕೆಂದಿದ್ದರೆ ಹಾಕಿ. ಉದ್ದದ ಬದಿ 2000 ಪಿಕ್ಸೆಲ್‌ಗಿಂತ ಕಡಿಮೆ ಇರುವ ಚಿತ್ರ ಬೇಡ. ಹಿಗ್ಗಿಸಿದ ಕೂಡಲೇ ಮಸುಕಾದರೆ ಸ್ಕ್ರೀನ್ ಇಟ್ಟುಕೊಂಡದ್ದೇ ವ್ಯರ್ಥ.

ಪ್ರತಿ ಚಿತ್ರದ ಮೂಲೆಯಲ್ಲಿ ‘ಫೋಟೊ’, ‘ಕಲಾವಿದರು ಊಹಿಸಿ ಬರೆದದ್ದು’ ಎಂಬ ಎರಡರಲ್ಲಿ ಒಂದು ಪಟ್ಟಿ ಅಂಟಿಸಿ. ಜನ ತುಂಬಿದ ಬೀದಿಯ ಬಣ್ಣದ ಚಿತ್ರವನ್ನು ಮಕ್ಕಳು ಫೋಟೊ ಎಂದೇ ನಂಬುತ್ತಾರೆ, ಅದರಲ್ಲಿರುವ ಉಡುಪನ್ನು ಪುರಾವೆಯಾಗಿ ಎತ್ತಿ ಹೇಳುತ್ತಾರೆ. ಎಐ ರಚಿಸಿದ ‘ಪ್ರಾಚೀನ ನಗರ’ದ ಚಿತ್ರಗಳನ್ನು ಈ ಕಟ್ಟಿಗೆ ಸೇರಿಸಲೇಬೇಡಿ. ನೋಡಲು ಎಷ್ಟೇ ಚೆಂದವಿದ್ದರೂ ಅವು ಯಾವುದಕ್ಕೂ ಸಾಕ್ಷಿಯಲ್ಲ.

ಇನ್ನು ವಿಡಿಯೊ. 4 ನಿಮಿಷ ಮೀರದಿರಲಿ, ಒಂದು ಘಟಕಕ್ಕೆ ಒಂದೇ ಸಾಕು. ನಿಮ್ಮದೇ ದನಿಯಲ್ಲಿ ಚಿತ್ರಗಳ ಮೇಲೆ ಮಾತಾಡಿ ಮಾಡಿಕೊಂಡರೆ ಮಕ್ಕಳು ಹೆಚ್ಚು ಗಮನ ಕೊಡುತ್ತಾರೆ. ಎಲ್ಲವನ್ನೂ ಹಿಂದಿನ ದಿನವೇ ಟ್ಯಾಬ್‌ಗಳಿಗೆ ಇಳಿಸಿ, ‘1-ಮುದ್ರೆ’, ‘2-ಚರಂಡಿ’ ಎಂದು ಅಂಕಿ ಹಾಕಿ ಹೆಸರಿಡಿ. ನಂತರ ಇಂಟರ್ನೆಟ್ ಆಫ್ ಮಾಡಿ ಅವನ್ನು ಒಮ್ಮೆ ತೆರೆದು ನೋಡಿ. ಆಗ ತೆರೆದರೆ ಮಾತ್ರ ತರಗತಿಯಲ್ಲೂ ತೆರೆಯುತ್ತದೆ ಎಂದು ನಂಬಬಹುದು.

ಕೊನೆಯ ಕೆಲಸ ಚಿಕ್ಕದು, ಆದರೆ ಬಿಡಬಾರದ್ದು: ಪ್ರತಿ ವಸ್ತುವಿನ ನಿಜ ಗಾತ್ರಕ್ಕೆ ರಟ್ಟು ಕತ್ತರಿಸಿ. ಪ್ರೊಜೆಕ್ಟರಿನಲ್ಲಿ ಗೋಡೆ ತುಂಬುವ ಮುದ್ರೆ ನಿಜದಲ್ಲಿ ಹೆಚ್ಚೆಂದರೆ 3–4 ಸೆಂಟಿಮೀಟರ್ ಚೌಕ. ನರ್ತಕಿಯ ವಿಗ್ರಹದ ಎತ್ತರ ಬರೀ 10.5 ಸೆಂಟಿಮೀಟರ್. ರಟ್ಟು ಇಲ್ಲದಿದ್ದರೆ ಮಕ್ಕಳು ನರ್ತಕಿಯನ್ನು ಆಳೆತ್ತರದ ಪ್ರತಿಮೆಯಾಗಿ ಬರೆಯುತ್ತಾರೆ. ಮುದ್ರೆ ಮುಷ್ಟಿಯಲ್ಲಿ ಅಡಗುತ್ತದೆ ಎಂದು ತಿಳಿಯದೆ ಅದನ್ನು ಏಕೆ ಮಾಡಿದ್ದರು ಎಂಬ ಯೋಚನೆ ಸರಿದಾರಿ ಹಿಡಿಯುವುದಿಲ್ಲ.

ಎರಡನೇ ಪೀರಿಯಡ್: ಮೂರು ಮೂಲೆ

36 ಮಕ್ಕಳನ್ನು 12ರ ಮೂರು ಗುಂಪು ಮಾಡಿ. ಶುರುವಿಗೆ 3 ನಿಮಿಷ, ಪ್ರತಿ ಮೂಲೆಯಲ್ಲಿ 11 ನಿಮಿಷ, ಎರಡು ಸಲ ಜಾಗ ಬದಲಿಸಲು ತಲಾ 2 ನಿಮಿಷ, ಕೊನೆಗೆ 5 ನಿಮಿಷ. ಒಟ್ಟು 45. ನಿಮ್ಮ ಪೀರಿಯಡ್ 40 ನಿಮಿಷವಾದರೆ ಮೂಲೆಯ ಸಮಯ ಕತ್ತರಿಸಬೇಡಿ, ಎರಡು ದಿನಕ್ಕೆ ಹಂಚಿ. 11 ನಿಮಿಷಕ್ಕಿಂತ ಕಡಿಮೆಯಾದರೆ ಮಕ್ಕಳು ನೆಲೆಯಾಗಿ ಕೂರುವಷ್ಟರಲ್ಲಿ ಎದ್ದೇಳುವ ಹೊತ್ತಾಗುತ್ತದೆ.

ಸ್ಕ್ರೀನ್ ಮೂಲೆಯಲ್ಲಿ ಮೂವರಿಗೆ ಒಂದು ಟ್ಯಾಬ್. ಒಬ್ಬರು ಮುಟ್ಟುವವರು, ಒಬ್ಬರು ಕಂಡದ್ದನ್ನು ಬಾಯಿಬಿಟ್ಟು ಹೇಳುವವರು, ಒಬ್ಬರು ಬರೆಯುವವರು. ಮೂರೂವರೆ ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಪಾತ್ರ ಬದಲಿಸಿ. ಪಾತ್ರ ಹಂಚದಿದ್ದರೆ ಚುರುಕಾದ ಒಬ್ಬನೇ ಮುಟ್ಟುತ್ತಾನೆ, ಉಳಿದಿಬ್ಬರು ಕಿಟಕಿ ನೋಡುತ್ತಾರೆ. ಇಲ್ಲಿ ಶಬ್ದವಿಲ್ಲದ ಚಿತ್ರಗಳನ್ನೇ ಕೊಡಿ. ನಾಲ್ಕು ಟ್ಯಾಬ್ ಒಟ್ಟಿಗೆ ಮಾತಾಡಿದರೆ ಪಕ್ಕದ ಮೂಲೆಯ ಚರ್ಚೆ ಸಾಯುತ್ತದೆ.

ವರ್ಕ್‌ಶೀಟಿನಲ್ಲಿ ಮೂರೇ ಅಂಕಣ: ‘ಕಂಡದ್ದು’, ‘ಅದರಿಂದ ಊಹಿಸಿದ್ದು’, ‘ಇನ್ನೂ ತಿಳಿಯಬೇಕಾದದ್ದು’. ಮೊದಲ ಎರಡರ ನಡುವಿನ ಗೆರೆಯೇ ಈ ಘಟಕದ ಜೀವಾಳ. ಒಂಟಿಕೊಂಬಿನ ಮುದ್ರೆಯನ್ನೇ ತೆಗೆದುಕೊಳ್ಳಿ. ‘ಆ ಕಾಲದಲ್ಲಿ ಒಂದೇ ಕೊಂಬಿನ ಪ್ರಾಣಿ ಇತ್ತು’ ಎಂದು ಮಕ್ಕಳು ಮೊದಲ ಅಂಕಣದಲ್ಲೇ ಬರೆಯುತ್ತಾರೆ. ಆಗ ಕೇಳಿ: ನಿನ್ನ ಕಣ್ಣಿಗೆ ಕಂಡದ್ದೇನು? ಕಂಡದ್ದು ‘ಪಕ್ಕದಿಂದ ಬಿಡಿಸಿದ ಪ್ರಾಣಿ, ಒಂದು ಕೊಂಬು’ ಮಾತ್ರ. ಇನ್ನೊಂದು ಕೊಂಬು ಇದರ ಹಿಂದೆ ಮರೆಯಾಗಿರಬಹುದೇ? ಆಗ ಮಗು ಗೂಳಿಯ ಮುದ್ರೆ ತೆರೆಯುತ್ತದೆ. ಅದನ್ನೂ ಪಕ್ಕದಿಂದಲೇ ಕೆತ್ತಿದ್ದಾರೆ, ಆದರೆ ಎರಡೂ ಕೊಂಬು ಕಾಣುತ್ತವೆ. ಹಾಗಾದರೆ ಇಲ್ಲಿ ಏಕೆ ಒಂದೇ? ಬಲ್ಲವರಲ್ಲೂ ಈ ಬಗ್ಗೆ ಒಮ್ಮತವಿಲ್ಲ ಎಂದು ಮಕ್ಕಳಿಗೆ ಹೇಳಿಬಿಡಿ. ಒಂದು ಚಿತ್ರವನ್ನು ಇನ್ನೊಂದರ ಪಕ್ಕ ಇಟ್ಟು ವಾದ ಕಟ್ಟುವುದನ್ನು ಅವರು ಆಗಲೇ ಕಲಿತಾಗಿರುತ್ತದೆ.

ಇದೇ ಮುದ್ರೆಯಲ್ಲಿ ಟ್ಯಾಬ್ ಮಾತ್ರ ಮಾಡಬಲ್ಲ ಇನ್ನೊಂದು ಕೆಲಸವಿದೆ. ಮುದ್ರೆಯನ್ನು ಒದ್ದೆ ಮಣ್ಣಿಗೆ ಒತ್ತಿದರೆ ಚಿತ್ರ ಎಡಬಲ ತಿರುಗಿ ಮೂಡುತ್ತದೆ. ಫೋಟೊ ಎಡಿಟ್‌ನಲ್ಲಿ ‘ಫ್ಲಿಪ್’ ಒತ್ತಿಸಿ, ಒತ್ತಿದಾಗ ಕಾಣುತ್ತಿದ್ದ ರೂಪವನ್ನು ತೋರಿಸಿ. ಕೆತ್ತಿದವರು ಎಲ್ಲವನ್ನೂ ತಿರುಗುಮುರುಗಾಗಿ ಯೋಚಿಸಿದ್ದರು ಎಂಬುದು ಒಂದೇ ಬೆರಳಿನಲ್ಲಿ ಮನದಟ್ಟಾಗುತ್ತದೆ.

ಕೈ ಮೂಲೆಯಲ್ಲಿ ನಿಜ ಗಾತ್ರದ ರಟ್ಟುಗಳು, ಜೊತೆಗೆ ಜೇಡಿಮಣ್ಣು. ಆ ನಗರದ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿರುತ್ತಿದ್ದವು, ಮನೆಗಳಿಗೆ ಬಳಸಿದ್ದು ಸುಮಾರು 7, 14, 28 ಸೆಂಟಿಮೀಟರಿನವು. ಮಕ್ಕಳು ಇದರ ಕಾಲುಭಾಗಕ್ಕಿಂತ ತುಸು ದೊಡ್ಡ ಅಳತೆಗೆ, ಅಂದರೆ 2, 4, 8 ಸೆಂಟಿಮೀಟರಿಗೆ ಮಣ್ಣಿನ ಇಟ್ಟಿಗೆ ಮಾಡಿ ಅಡ್ಡ, ಉದ್ದ ಜೋಡಿಸಿ ಗೋಡೆ ಎಬ್ಬಿಸಲಿ. ಅಗಲದ ಎರಡರಷ್ಟು ಉದ್ದ ಇದ್ದಾಗ ಎರಡು ಅಡ್ಡ ಇಟ್ಟಿಗೆ ಒಂದು ಉದ್ದ ಇಟ್ಟಿಗೆಗೆ ಸಮವಾಗಿ ಕೂರುತ್ತದೆ. ಊರೆಲ್ಲ ಒಂದೇ ಪ್ರಮಾಣ ಏಕೆ ಹಿಡಿದಿದ್ದರು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಮೂರನೆಯದು ಮಾತಿನ ಮೂಲೆ, ಶಿಕ್ಷಕರ ಜಾಗ ಅದೇ. ಟ್ಯಾಬ್ ಮೂಲೆಯಲ್ಲಿ ನೀವು ನಿಂತರೆ 11 ನಿಮಿಷವೂ ಪಾಸ್‌ವರ್ಡ್, ಬ್ಯಾಟರಿ, ಬೆಳಕು ಸರಿಮಾಡುವುದರಲ್ಲೇ ಕಳೆಯುತ್ತದೆ. ಹಿಂದಿನ ದಿನ ಇಬ್ಬರು ಮಕ್ಕಳಿಗೆ ಐದು ಕೆಲಸ ಕಲಿಸಿಡಿ: ತೆರೆಯುವುದು, ಹಿಗ್ಗಿಸುವುದು, ತಿರುಗಿಸುವುದು, ಹಿಂದಕ್ಕೆ ಬರುವುದು, ಕೆಟ್ಟರೆ ಮುಚ್ಚಿ ಮತ್ತೆ ತೆರೆಯುವುದು. ಅದಕ್ಕೂ ಬಗ್ಗದಿದ್ದರೆ ಅದೇ ಚಿತ್ರಗಳ ಮುದ್ರಿತ ಪ್ರತಿ ಮೇಜಿನ ಕೆಳಗೆ ಸಿದ್ಧವಿರಲಿ.

ಮಾತಿನ ಮೂಲೆಯ ತೊಡಕು ಒಂದೇ: ಅಲ್ಲಿಂದ ಶುರುಮಾಡುವ ಗುಂಪು ಇನ್ನೂ ಏನನ್ನೂ ನೋಡಿರುವುದಿಲ್ಲ, ಕೊನೆಗೆ ಬರುವ ಗುಂಪು ಎಲ್ಲವನ್ನೂ ನೋಡಿರುತ್ತದೆ. ಮೂರಕ್ಕೂ ಒಂದೇ ಪಾಠ ಮಾಡಬೇಡಿ. ಮೊದಲ ಗುಂಪಿನಿಂದ ಪ್ರಶ್ನೆ ಹೊರಡಿಸಿ: ‘ಸ್ಕ್ರೀನಿನಲ್ಲಿ ಏನನ್ನು ಹುಡುಕುತ್ತೀರಿ?’ ನಡುವಿನ ಗುಂಪಿನ ಜೊತೆ ‘ಕಂಡದ್ದು’ ಮತ್ತು ‘ಊಹಿಸಿದ್ದು’ ಬೇರ್ಪಡಿಸಿ. ಕೊನೆಯ ಗುಂಪಿನಿಂದ ಪುರಾವೆ ಸಮೇತ ಉತ್ತರ ಕೇಳಿ. ನಾಲ್ಕನೇ ದಿನ ಸರದಿ ಬದಲಿಸಿ.

ಮೂರನೇ, ನಾಲ್ಕನೇ ಪೀರಿಯಡ್

ಮೂರನೇ ದಿನ ಮೈದಾನಕ್ಕೆ. ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಸುಣ್ಣದ ಪುಡಿಯಿಂದ ಆಯ ಎಳೆಯಿಸಿ, 2.4 ಮೀಟರ್ ಎತ್ತರವನ್ನು ಹತ್ತಿರದ ಗೋಡೆಯ ಮೇಲೆ ಗುರುತಿಸಿ. ಮಕ್ಕಳು ಒಳಗೆ ನಿಂತು ನೋಡಲಿ: ತುಂಬಿದ ನೀರು ಯಾರ ತಲೆಯವರೆಗೆ ಬರುತ್ತಿತ್ತು? ಆಮೇಲೆ ಒಂದು ಟ್ಯಾಬ್‌ನಲ್ಲಿ ಫೋಟೊ ತೋರಿಸಿ. ಎರಡು ಕಡೆ ಮೆಟ್ಟಿಲು, ಒತ್ತಾಗಿ ಕಟ್ಟಿದ ಇಟ್ಟಿಗೆ. ನೀರು ಸೋರದಂತೆ ಡಾಂಬರಿನಂಥ ಬಿಟುಮೆನ್ ಬಳಿದಿದ್ದರು ಎಂದೂ ಹೇಳಿ. ‘ಇದು ನೀರು ನಿಲ್ಲಿಸಲು ಕಟ್ಟಿದ್ದು’ ಎನ್ನಲು ಗಟ್ಟಿ ಪುರಾವೆ ಇದೆ. ‘ಪೂಜೆಗೆ ಮೀಯುತ್ತಿದ್ದರು’ ಎನ್ನುವುದು ಊಹೆ. ಈ ವ್ಯತ್ಯಾಸ ಮಕ್ಕಳ ಬಾಯಿಂದಲೇ ಬರಲಿ.

ನಾಲ್ಕನೇ ದಿನ ಮತ್ತೆ ಮೂರು ಮೂಲೆ, ಉಳಿದ ಚಿತ್ರಗಳು, ಅದೇ ವರ್ಕ್‌ಶೀಟ್. ಮಕ್ಕಳು ಬರೆಯುವುದು ಕಾಗದದ ಮೇಲೇ ಇರಲಿ. ಒಂದು ವಾಕ್ಯ ಟೈಪ್ ಮಾಡುವಷ್ಟರಲ್ಲಿ ಈ ವಯಸ್ಸಿನವರ ಯೋಚನೆ ಕಳೆದುಹೋಗುತ್ತದೆ. ಬೇಕಿದ್ದರೆ ಬರೆದದ್ದರ ಫೋಟೊ ತೆಗೆದು ಇಟ್ಟುಕೊಳ್ಳಿ.

ಮನೆಗೆ ಕೊಡುವುದಿದ್ದರೆ

ವಿಡಿಯೊವನ್ನು ಮನೆಯಲ್ಲಿ ನೋಡಿ ಬನ್ನಿ, ತರಗತಿಯಲ್ಲಿ ಚರ್ಚಿಸೋಣ ಎಂಬ ಕ್ರಮ ದೊಡ್ಡ ತರಗತಿಗಳಲ್ಲಿ ನಡೆಯುತ್ತದೆ. ಇಲ್ಲಿ ಮರುದಿನದ ಪಾಠವನ್ನು ಅದರ ಮೇಲೆ ನಿಲ್ಲಿಸಬೇಡಿ. ಫೋನ್ ಯಾರ ಕೈಯಲ್ಲಿದೆ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದು ಮಗುವಿನ ಕೈಲಿಲ್ಲ. ನೋಡದೆ ಬಂದವರಿಗೆ ಪೀರಿಯಡ್‌ನ ಮೊದಲ 5 ನಿಮಿಷದಲ್ಲೇ ಟ್ಯಾಬ್ ಕೊಟ್ಟು ತೋರಿಸಿ. ಎಲ್ಲರ ಮುಂದೆ ‘ಯಾರು ನೋಡಿಲ್ಲ?’ ಎಂದು ಕೇಳುವುದು ಬೇಡ.

ಮನೆಗೆ ಒಗ್ಗುವ ಕೆಲಸವೆಂದರೆ ಹಿರಿಯರ ಮಾತು ರೆಕಾರ್ಡ್ ಮಾಡುವುದು. ಮೂರೇ ಪ್ರಶ್ನೆ, 5 ನಿಮಿಷ, ಅವರ ಒಪ್ಪಿಗೆ ಕೇಳಿಯೇ. ಫೋನ್ ಬಾಯಿಂದ ಒಂದು ಗೇಣು ದೂರ, ಫ್ಯಾನ್ ಆರಿಸಿರಲಿ. ‘ನಿಮ್ಮ ಕಾಲ ಹೇಗಿತ್ತು?’ ಎಂದರೆ ಉಪದೇಶ ಸಿಗುತ್ತದೆ. ‘ನೀವು ಶಾಲೆಗೆ ಹೋಗುವಾಗ ಕೈಯಲ್ಲಿ ಏನೇನು ಇರುತ್ತಿತ್ತು?’ ಎಂದರೆ ವಸ್ತು ಸಿಗುತ್ತದೆ. ಒಂದೇ ಸಂಗತಿಯನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದ ರೆಕಾರ್ಡಿಂಗ್ ಸಿಕ್ಕರೆ ಅದನ್ನು ತರಗತಿಯಲ್ಲಿ ಕೇಳಿಸಿ. ಇಬ್ಬರೂ ಸುಳ್ಳು ಹೇಳದೆಯೇ ಎರಡು ಕಥೆ ಹೇಗೆ ಹುಟ್ಟಿತು ಎಂದು ಮಕ್ಕಳು ಯೋಚಿಸಲಿ. ಫೋನ್ ಇಲ್ಲದ ಮಗು ಮೂರು ಸಾಲು ಬರೆದು ತಂದರೂ ಅದು ಅಷ್ಟೇ ಬೆಲೆಯ ಪುರಾವೆ.

ಆಟದ ಆಪ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಯುದ್ಧ, ಗುಲಾಮಗಿರಿ, ಕ್ಷಾಮದಂಥ ಪಾಠಗಳಿಗೆ ಅಂಕ ಗಳಿಸುವ ಆಟ, ‘ನೀನು ಗುಲಾಮ, ತಪ್ಪಿಸಿಕೋ’ ಎಂಬ ಪಾತ್ರಾಭಿನಯ ಬೇಡವೇ ಬೇಡ. ಯಾರೋ ಅನುಭವಿಸಿದ ನೋವು ಅಲ್ಲಿ ಗೆಲ್ಲುವ, ಸೋಲುವ ಆಟವಾಗಿಬಿಡುತ್ತದೆ. ಅಂಥ ಕಡೆ ಒಬ್ಬ ವ್ಯಕ್ತಿಯ ಒಂದು ಪತ್ರ, ಒಂದು ಫೋಟೊ ಸಾಕು.

ಐದನೇ ಪೀರಿಯಡ್: ಕಲಿತದ್ದು ಎಷ್ಟು

ಕ್ವಿಜ್ ಆಪ್ ಇಸವಿಯನ್ನೂ ಹೆಸರನ್ನೂ ಚೆನ್ನಾಗಿ ಅಳೆಯುತ್ತದೆ, ಯೋಚನೆಯನ್ನು ಅಳೆಯುವುದಿಲ್ಲ. ನಾಲ್ಕು ಪ್ರಶ್ನೆಯ ಕ್ವಿಜ್ ಅನ್ನು ನಾಲ್ಕನೇ ದಿನದ ಕೊನೆಗೆ ಇಡಿ, ಅಂಕಕ್ಕಾಗಿ ಅಲ್ಲ. ಯಾರಿಗೆ ಯಾವ ವಸ್ತು ಮತ್ತೆ ತೋರಿಸಬೇಕು ಎಂದು ತಿಳಿದು ಮರುದಿನ ಮೊದಲ 10 ನಿಮಿಷ ಅವರ ಜೊತೆ ಕೂರುವುದಕ್ಕೆ.

ನಿಜವಾದ ಪರೀಕ್ಷೆಗೆ ಈವರೆಗೆ ತೋರಿಸದ ಒಂದು ವಸ್ತು ಕೊಡಿ. ಅಲ್ಲೇ ಸಿಕ್ಕ ಮಣ್ಣಿನ ಆಟಿಕೆ ಗಾಡಿಯ ಚಿತ್ರ ಹೇಳಿ ಮಾಡಿಸಿದಂತಿದೆ. ಮಗು ಅದನ್ನು ಹಿಗ್ಗಿಸಿ, ತಿರುಗಿಸಿ ನೋಡಿ ಎರಡು ವಾಕ್ಯ ಬರೆಯಬೇಕು: ‘ನನಗೆ ಅನ್ನಿಸುವುದು ಇದು, ಏಕೆಂದರೆ ಇಲ್ಲಿ ಹೀಗೆ ಕಾಣುತ್ತದೆ.’ ಬರೀ ಚಿತ್ರದ ವಿವರಣೆ ಬರೆದಿದ್ದರೆ ಮೊದಲ ಮೆಟ್ಟಿಲು. ಊಹೆಯ ಜೊತೆ ಕಾಣುವ ಗುರುತೊಂದನ್ನು ಕೊಟ್ಟಿದ್ದರೆ ಎರಡನೆಯದು. ಹಿಂದೆ ನೋಡಿದ ಇನ್ನೊಂದು ವಸ್ತುವನ್ನು ಎಳೆದು ತಂದು ಸಾಧಿಸಿದ್ದರೆ, ಅಥವಾ ‘ಇದರಿಂದ ಇಷ್ಟು ಹೇಳಲಾಗುವುದಿಲ್ಲ’ ಎಂದು ಬರೆದಿದ್ದರೆ ಮೂರನೆಯದು. ಅಕ್ಷರದ ತಪ್ಪಿಗೆ ಇಲ್ಲಿ ಅಂಕ ಕಳೆಯಬೇಡಿ. ಬರೆಯಲು ಕಷ್ಟಪಡುವ ಮಗು ಇದನ್ನೇ ಟ್ಯಾಬ್‌ಗೆ ಮಾತಾಡಿ ರೆಕಾರ್ಡ್ ಮಾಡಬಹುದು.

ಕಾರ್ಡನ್ನು ಹಗ್ಗದ ನಾಲ್ಕೂವರೆ ಮೀಟರ್ ಗುರುತಿಗೆ ಕ್ಲಿಪ್ ಹಾಕಿ ನೇತುಹಾಕಿದ ಮೇಲೆ, ವರ್ಕ್‌ಶೀಟುಗಳ ಮೂರನೇ ಅಂಕಣವನ್ನು ಕತ್ತರಿಸಿ ಒಂದು ಲಕೋಟೆಗೆ ಹಾಕಿಡಿ. ಮುಂದಿನ ಘಟಕದ ಪ್ರಶ್ನೆಯನ್ನು ಅದರೊಳಗಿಂದ ಆರಿಸಬಹುದು.